ಜೋಳಿಗೆಯ ಗಂಟು

ಕೊಂಢವಾ, ಪುಣೆ
೧೨-೨-೨೦೦೯

ಅತ್ತೆಯವರ ಪಾದಕ್ಕೆ ಸೊಸೆ ಭುವನೇಶ್ವರಿಯ ಶರಣು.

ಕ್ಷೇಮ ಎಂದು ಬರೆಯಲು ಕೈ ಬರುತ್ತಿಲ್ಲ. ಕಟ್ಟಡದಿಂದ ಬಿದ್ದ ನಿಮ್ಮ ಮಗನ ಮೂಳೆಗಳು ಕೂಡಿಕೊಂಡಿವೆ, ಆದರೆ ಮದುವೆಯಿಂದ ಈಚೆಗಿನದೆಲ್ಲ ಅಳಿಸಿಹೋಗಿದೆ. ನನ್ನನ್ನೇ "ನೀವು ಯಾರು" ಎಂದು ಕೇಳಿದ್ದರು. ತೀರಿಹೋದ ನಮ್ಮ ಕೂಸು ಮಾಂತುವಿನ ಹೆಸರೂ ನೆನಪಿರಲಿಲ್ಲ.

ಇಲ್ಲಿನ ಕ್ಯಾಂಪ್ ಬಡಾವಣೆಯ ಒಂದು ದವಾಖಾನೆಯಲ್ಲಿ ರಂಜನಾ ಡಾಕ್ಟರು ಇಂಥವರಿಗಾಗಿ ಪ್ರಯೋಗ ನಡೆಸಿದ್ದಾರೆ. ಕಣ್ಣಿಗೆ ದಪ್ಪ ಕನ್ನಡಕ ಕಟ್ಟಿದರೆ ಕಂಪ್ಯೂಟರಿನ ಚಿತ್ರ ಸುತ್ತಲೂ ನಿಜದ ಹಾಗೆ ನಿಲ್ಲುತ್ತದಂತೆ. ಕೈಗೆ ತಂತಿಯ ಗವಸು. ಚಿತ್ರದೊಳಗಿನ ಹಗ್ಗ ಮುಟ್ಟಿದರೆ ಬೆರಳಿಗೆ ಹಗ್ಗವೇ ಒತ್ತುತ್ತದೆ. ಚಿತ್ರ ಕಟ್ಟಲು ಅವರ ಹಿಂದಿನ ದಿನಗಳನ್ನು ನಾನೇ ಹೇಳಬೇಕಾಯಿತು. ಬೆಳಿಗ್ಗೆ ಕಟ್ಟಡದ ಸುತ್ತ ಹತ್ತಲು ಕಟ್ಟಿದ ಪರಾಂಚಿಯ ಬಿದಿರಿಗೆ ಸೀರೆಯ ಜೋಳಿಗೆ ಕಟ್ಟಿ, ಕೂಸನ್ನು ಮಲಗಿಸಿ, ಆಮೇಲೆ ಕೆಲಸಕ್ಕೆ ಮೇಲೆ ಹತ್ತುವುದು ಅವರ ರೂಢಿ ಎಂದೆ. ಗಂಟು ಬಿಚ್ಚಿಕೊಂಡು ಕೂಸು ಬಿದ್ದ ಆ ದಿನವನ್ನೂ, ನಿಮಗೆಲ್ಲ ಹೇಳಿದ ಹಾಗೆಯೇ ಹೇಳಿದೆ.

ಮಂಗಳವಾರ ಗವಸು ಹಾಕಿಕೊಂಡು ಬರಿಗಾಳಿಯಲ್ಲಿ ಗಂಟು ಕಟ್ಟುತ್ತಿದ್ದವರು ಒಮ್ಮೆಗೇ ಮಾಂತು ಎಂದು ಕೂಗಿದರು. ಡಾಕ್ಟರಿಗೆ ಖುಷಿಯೋ ಖುಷಿ. ನಾನು ಅವರ ಗವಸು ಬಿಚ್ಚತೊಡಗಿದೆ. ಮನೆಗೆ ಬಂದು ಅಂಗೈ ಚಾಚಿ ತೋರಿಸಿದರು.

"ಇದ ಕೈಲೆ ಕಟ್ಟೀನಿ. ಗಂಟು ಸಡ್ಲ ಅದ ಅಂತ ಬೆರಳಿಗೆ ಗೊತ್ತಾಗಿತ್ತು. ಹಂಗ ಬಿಟ್ಟು ಹತ್ತೀನಿ."

ಅಂದಿನಿಂದ ಆ ಕೈಯಿಂದ ಉಣ್ಣುತ್ತಿಲ್ಲ. ನಿನ್ನೆ ಮಾಳಿಗೆಯ ಅಂಚಿನಲ್ಲಿ ನಿಂತಿದ್ದರು, ಕರೆದರೆ ತಿರುಗಲಿಲ್ಲ. ರಟ್ಟೆ ಹಿಡಿದು ಎಳೆದುಕೊಂಡು ಬಂದೆ. ನನಗೆ ಭಾಳ ಭಯವಾಗುತ್ತಿದೆ ಅತ್ತೆ. ಬರುವ ಮಂಗಳವಾರ ಅದೇ ಚಿತ್ರ ಮತ್ತೆ ತೋರಿಸುತ್ತಾರೆ. ಅಷ್ಟರೊಳಗೆ ನೀವು ಬಂದು, ಕ್ಷಮಿಸಿದೆ ಎಂದು ಅವರ ತಲೆಯ ಮೇಲೆ ಕೈಯಿಟ್ಟರೆ ಜೀವ ಉಳಿದೀತು. ತಪ್ಪು ತಮ್ಮದೆಂದು ಅವರೇ ಈ ಪತ್ರ ಬರೆಸಿ, ಕೆಳಗೆ ಹೆಬ್ಬೆಟ್ಟು ಒತ್ತಿದ್ದಾರೆ.

ನಿಮ್ಮ ಸೊಸೆ,
ಭುವನೇಶ್ವರಿ

ತಾ.ಕ.: ಅವರು ಎದುರಿಗೇ ಕುಳಿತಿದ್ದಾರೆ. ಓದು ಬಾರದವರಾದ್ದರಿಂದ ಇದನ್ನು ಬರೆಯುವ ಧೈರ್ಯ ಮಾಡಿದ್ದೇನೆ. ಕೂಸು ಬಿದ್ದ ದಿನ ಮೇಸ್ತ್ರಿ ಅವರನ್ನು ಬೇಗನೆ ಕೆಲಸಕ್ಕೆ ಮೇಲೆ ಕರೆದಿದ್ದ. ಜೋಳಿಗೆ ಕಟ್ಟಿದವಳು ನಾನು. ಅದು ಅವರಿಗೆ ಗೊತ್ತಿತ್ತು. ತಾವು ಕಟ್ಟಡದಿಂದ ಬೀಳುವವರೆಗೆ ಎರಡು ವರ್ಷ ನಿಮ್ಮ ಶಾಪ ಉಂಡರೂ ನನ್ನ ಹೆಸರೆತ್ತಲಿಲ್ಲ. ಇವತ್ತು ಬೆಳಿಗ್ಗೆ ಕಾಲು ಹಿಡಿದು ನಿಜ ಹೇಳಿದೆ. ಅವರು ನನ್ನ ಕಣ್ಣೊರೆಸಿದರು. "ನನ್ನ ಉಳಿಸ್ಲಿಕ್ಕ ಸುಳ್ಳು ಹೇಳ್ತಿ," ಎಂದರು. "ನನ್ನ ಕೈಗೆ ನೆನಪದ."