ಲಿಫ್ಟಿನ ತಳದಿಂದ ಮೂರು ಬಾರಿ ಕ್ಷೇಮ

ಮಾನ್ಯ ಸುರಕ್ಷತಾ ಅಧಿಕಾರಿಗಳೇ,

ಕಳೆದ ತಿಂಗಳ ಹನ್ನೊಂದರಂದು ನನಗೆ ಯಾವ ಅಪಘಾತವೂ ಆಗಿಲ್ಲವೆಂದು ನಿಮ್ಮ ಕಚೇರಿ ಷರಾ ಬರೆದಿದೆ. ಸಂತೋಷ. ನನ್ನ ಎಡಗಾಲಿಗೆ ಮಾತ್ರ ಈ ಸುದ್ದಿ ಇನ್ನೂ ತಲುಪಿಲ್ಲ, ಅದು ಪ್ಲಾಸ್ಟರಿನೊಳಗೇ ಇದೆ.

ನಾನು ಲಿಫ್ಟ್ ರಿಪೇರಿಯವನು. ಹತ್ತೊಂಬತ್ತು ವರ್ಷ ಈ ಕೆಲಸವನ್ನು ಇಬ್ಬರು ಸೇರಿ ಮಾಡಿದೆವು. ಲಿಫ್ಟಿನ ತಳದ ಗುಂಡಿಯಲ್ಲಿ ನಾನು, ಮೇಲಿನ ಮೆಷಿನ್ ರೂಮಿನಲ್ಲಿ ನನ್ನ ಜೊತೆಗಾರ. ಅವನ ಗಂಟಲಿನ ದೆಸೆಯಿಂದ ಎಲ್ಲರೂ ಅವನನ್ನು ಗುಡುಗು ಎನ್ನುತ್ತಾರೆ. ಆಗಾಗ ಮೇಲಿನಿಂದ ಕೂಗುತ್ತಿದ್ದ: "ಇದೀಯೇನೋ?" ನಾನು "ಇದೀನಪ್ಪಾ" ಎಂದರೆ, "ಇದ್ರೆ ಕೆಲ್ಸ ಮಾಡು, ಸುಮ್ನೆ ಕೂರ್ಬೇಡ" ಎನ್ನುತ್ತಿದ್ದ. ನಮ್ಮ ಕಸುಬಿನಲ್ಲಿ ಏನೇ ಆಗಿದ್ದರೂ ಉತ್ತರ "ಇದೀನಿ" ಎಂದೇ. ಒಮ್ಮೆ ಕರೆಂಟು ಹೊಡೆದಾಗಲೂ ನಾನು ಹಾಗೇ ಅಂದಿದ್ದೆ. ದನಿ ಕೇಳಿದವನೇ ಗುಡುಗು ಏಳು ಮಹಡಿಯ ಮೆಟ್ಟಿಲು ಇಳಿದು ಓಡಿಬಂದ.

ನೀವು ಅಪಾಯದ ಲೆಕ್ಕ ಹಾಕಿದಿರಿ. ಒಂದು ಲಿಫ್ಟಿಗೆ ಇಬ್ಬರಿದ್ದರೆ ಅಪಾಯಕ್ಕೆ ಸಿಲುಕುವವರೂ ಇಬ್ಬರು; ಒಬ್ಬನನ್ನು ತೆಗೆದರೆ ಅಪಾಯ ಅರ್ಧಕ್ಕೆ ಇಳಿಯುತ್ತದೆ. ಇಬ್ಬರನ್ನೂ ತೆಗೆದಿದ್ದರೆ ಪೂರ್ತಿ ಸೊನ್ನೆಯಾಗುತ್ತಿತ್ತು, ಅದೇಕೆ ಹೊಳೆಯಲಿಲ್ಲವೋ. ಗುಡುಗನನ್ನು ಉಗ್ರಾಣದಲ್ಲಿ ಹೆಲ್ಮೆಟ್ಟುಗಳಿಗೆ ಸ್ಟಿಕ್ಕರ್ ಅಂಟಿಸಲು ಕೂರಿಸಿದಿರಿ. ನನ್ನ ಸೊಂಟಕ್ಕೆ ಒಂದು ಪುಟ್ಟ ಯಂತ್ರ ಕಟ್ಟಿದಿರಿ. ಕಾಲು ಗಂಟೆಗೊಮ್ಮೆ ಅದು ಗುಂಯ್ ಎನ್ನುತ್ತದೆ. ಹಸಿರು ಬಟನ್ ಒತ್ತಿದರೆ ಕ್ಷೇಮ, ಒತ್ತದಿದ್ದರೆ ಸಹಾಯ ಬರುತ್ತದೆ. ನಿಮ್ಮ ತರಬೇತಿಯ ಸಿನಿಮಾದಲ್ಲಿ ಇಸ್ತ್ರಿ ಅಂಗಿಯ ನಟನೊಬ್ಬ ಅದನ್ನು ನಗುನಗುತ್ತಾ ಒತ್ತುತ್ತಾನೆ. ಅವನ ಕೈಗೆ ಚೂರೂ ಗ್ರೀಸ್ ಹತ್ತಿರಲಿಲ್ಲ.

ಹನ್ನೊಂದರಂದು ಕಬ್ಬಿಣದ ಚೌಕಟ್ಟೊಂದು ನನ್ನ ಕಾಲಿನ ಮೇಲೆ ಕುಸಿಯಿತು. ಯಂತ್ರ ಗುಂಯ್ ಎಂದಿತು. ನಾನು ಒತ್ತಿದೆ. ಕಾಲು ಗಂಟೆ ಬಿಟ್ಟು ಮತ್ತೆ ಎಂದಿತು, ಮತ್ತೆ ಒತ್ತಿದೆ. ಮೂರನೇ ಸಲವೂ ಒತ್ತಿದೆ. ನಿಮ್ಮ ದಾಖಲೆಯಲ್ಲಿ ಮೂರು ಸಲವೂ ಕ್ಷೇಮ ಎಂದೇ ಬಿತ್ತು. "ತಲೆ ನೆಟ್ಟಗಿತ್ತೇನ್ರೀ? ಸುಮ್ನಿದ್ದಿದ್ರೆ ನಾವೇ ಬರ್ತಿದ್ವಲ್ಲ" ಎಂದು ನಿಮ್ಮ ತನಿಖಾಧಿಕಾರಿ ಕೇಳಿದರು. ಅದಕ್ಕೆ ಉತ್ತರ ಈಗ ಬರೆಯುತ್ತೇನೆ. ನನಗೆ ಮನೆಯಲ್ಲಿ ಯಾರೂ ಇಲ್ಲ. ಗುಡುಗು ಹೋದ ಮೇಲೆ ದಿನವಿಡೀ ನನ್ನನ್ನು ವಿಚಾರಿಸುವುದು ಆ ಯಂತ್ರವೊಂದೇ. ಕತ್ತಲಲ್ಲಿ ಬಿದ್ದವನನ್ನು ಯಾರೋ ಕೇಳಿದಂತಾಯಿತು, ಇದೀನಿ ಎಂದೆ. ಕೇಳಿದವರಿಗೆ ಉತ್ತರ ಕೊಡದೆ ಸುಮ್ಮನಿರುವುದು ನನ್ನಿಂದ ಆಗಲಿಲ್ಲ.

ಕೊನೆಗೆ ನಾಲ್ಕನೇ ಮಹಡಿಯ ಅಜ್ಜಿ ಇಳಿದು ಬಂದು, "ಲಿಫ್ಟ್ ಇನ್ನೂ ಆಗ್ಲಿಲ್ವೇನಪ್ಪಾ?" ಎಂದು ಬಾಗಿಲ ಸಂದಿಯಲ್ಲಿ ಗದರಿದರು. "ಆಯ್ತಜ್ಜಿ, ಐದೇ ನಿಮಿಷ" ಎಂದೆ. ನನ್ನ ದನಿ ಕೇಳಿ ಅವರು ಕಾವಲುಗಾರನನ್ನು ಕರೆದರು. ಅಜ್ಜಿಗೆ ಯಾವ ತರಬೇತಿಯೂ ಆಗಿರಲಿಲ್ಲ.

ಹೊಸ ಯಂತ್ರ ಬೇಡ, ಪರಿಹಾರವನ್ನೂ ಕೇಳುತ್ತಿಲ್ಲ. ಸೋಮವಾರ ಪ್ಲಾಸ್ಟರ್ ಬಿಚ್ಚುತ್ತಾರೆ, ಕಾಲು ಊರಲು ಬಂದ ದಿನ ನಾನು ಮತ್ತೆ ಕೆಳಗೆ ಇಳಿಯಬೇಕು. ಅಷ್ಟರೊಳಗೆ ಗುಡುಗನನ್ನು ಮೆಷಿನ್ ರೂಮಿಗೆ ವಾಪಸ್ ಕಳುಹಿಸಿ. ಆಗುವುದಿಲ್ಲವೆಂದಾದರೆ ನೀವೇ ಬಂದು ಮೇಲೆ ನಿಂತು ಕೂಗಿ. ನಾನು ಹೇಗಿದ್ದರೂ ಇದೀನಿ ಎಂದೇ ಹೇಳುತ್ತೇನೆ. ನಂಬಬೇಡಿ, ಇಳಿದು ಬನ್ನಿ.

ಇಂತಿ,
ನಿಮ್ಮ ದಾಖಲೆಯ ಪ್ರಕಾರ ಕ್ಷೇಮವಾಗಿರುವ
ಲಿಫ್ಟ್ ಮೆಕ್ಯಾನಿಕ್