ಅಣ್ಣನ ನೇರ ಗೆರೆಗಳು

ಭಟ್ಟಿ ಮನೆ,
ಹದಿನಾಲ್ಕನೇ ತಾರೀಖು, ಗುರುವಾರ

ಪ್ರೀತಿಯ ಅಣ್ಣಾ,

ನಿನ್ನ ಮೊಣಕಾಲು ಈಗ ಹೇಗಿದೆ? ಮೆಟ್ಟಿಲು ಹತ್ತಬೇಡಿ ಎಂದು ಡಾಕ್ಟರು ಹೇಳಿದ ಮೇಲೂ ನೀನು ಮೂರನೇ ಮಹಡಿಯ ಕೋಣೆ ಬಿಟ್ಟಿಲ್ಲವೆಂದು ಅತ್ತಿಗೆ ಫೋನಿನಲ್ಲಿ ಹೇಳಿದರು. ಬರೆಯುವುದಕ್ಕೆ ಬೆಳಕು ಅಲ್ಲೇ ಚೆನ್ನಾಗಿದೆಯಂತೆ. ಇರಲಿ, ಕಾಲೂ ನಿನ್ನದು, ಬೆಳಕೂ ನಿನ್ನದು. ಕನ್ನಡಕ ಬದಲಿಸಿದೆಯಾ? ಹೋದ ಸಲ ಕಳಿಸಿದ ಪಾತ್ರೆಯ ನಕ್ಷೆಯಲ್ಲಿ ಎರಡು ಗೆರೆಗಳು ಮೂಲೆಯಲ್ಲಿ ಕೂಡಿರಲಿಲ್ಲ. ಕೂದಲೆಳೆಯಷ್ಟು ಸಂದು ಉಳಿದಿತ್ತು. ನಿನ್ನ ಕೈಯಿಂದ ಹಾಗಾಗಿದ್ದನ್ನು ನಾನು ನೋಡಿದ್ದು ಅದೇ ಮೊದಲು, ಅದಕ್ಕೇ ಕೇಳಿದೆ. ನಾನು ಹೇಗಿದ್ದೇನೆಂದು ನೀನು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಕೆಮ್ಮು ಇದ್ದ ಹಾಗೇ ಇದೆ. ನಮ್ಮ ಮನೆಯವರು ಬಸ್ ಡಿಪೋದಿಂದ ನಿವೃತ್ತರಾದ ಮೇಲೆ ಮನೆಯ ಎಲ್ಲ ಬಾಗಿಲುಗಳ ಕೀಲುಗಳಿಗೆ ಎಣ್ಣೆ ಬಿಟ್ಟು ಮುಗಿಸಿದ್ದಾರೆ, ಈಗ ನನ್ನ ಕೀಲುಗಳ ಮೇಲೆ ಕಣ್ಣು ಹಾಕಿದ್ದಾರೆ.

ನಿನ್ನ ಕಾಗದ ಸೋಮವಾರ ಬಂತು. ಎರಡು ಸಲ ಓದಿದೆ. ಮೊದಲ ಸಲ ನಗು ಬಂತು, ಎರಡನೇ ಸಲ ಬರಲಿಲ್ಲ. ದೊಡ್ಡ ಕಾರ್ಖಾನೆಯೊಂದು ನಿನ್ನ ಪಾತ್ರೆಗಳನ್ನೆಲ್ಲ ಮಾಡಲು ಒಪ್ಪಿಕೊಂಡಿದೆ ಎಂಬುದೇ ನನಗೆ ಆ ಕಾಗದದಿಂದ ಗೊತ್ತಾಗಿದ್ದು. ಅವರು ನಿನ್ನ ನಕ್ಷೆಯನ್ನು ಎಳ್ಳಷ್ಟೂ ಆಚೀಚೆ ಮಾಡದೆ ಚೌಕದ ಹಾಲಿನ ಜಗ್ಗು ಮಾಡಿದರಂತೆ, ಭಟ್ಟಿಯಿಂದ ತೆಗೆದರೆ ನಾಲ್ಕೂ ಗೋಡೆ ಒಳಕ್ಕೆ ಕುಸಿದಿತ್ತಂತೆ. ಮುನ್ನೂರು ಜಗ್ಗು, ಮುನ್ನೂರೂ ಹಾಗೇ. ಆಮೇಲೆ ಪ್ರದರ್ಶನಕ್ಕೆಂದು ನೀನು ಇಲ್ಲಿಂದ ಒಯ್ದಿದ್ದ ನನ್ನ ಹಳೆಯ ಅಚ್ಚನ್ನು ಅಳೆದು ನೋಡಿದರೆ ಅದರ ಗೋಡೆಗಳು ಹೊರಕ್ಕೆ ಉಬ್ಬಿವೆ. ಎಂಜಿನಿಯರುಗಳ ಎದುರು ನಿನ್ನ ತಲೆ ಹೋದಂತಾಯಿತು ಎಂದು ಬರೆದಿದ್ದೀಯ. ‘ನನ್ನ ಗೆರೆಗಳನ್ನು ತಿದ್ದುವ ಅಧಿಕಾರ ನಿನಗೆ ಯಾರು ಕೊಟ್ಟರು, ಇದು ಮೋಸ’ ಎಂದೂ ಬರೆದಿದ್ದೀಯ. ಮತ್ತೆ ಎರಡೇ ಸಾಲು ಕೆಳಗೆ, ನನ್ನ ಕೋಣೆಯ ಗೋಡೆಗೆ ನೇತುಹಾಕಿದ ತಗಡುಗಳನ್ನೆಲ್ಲ ಕೂಡಲೇ ಕಳಿಸು ಎಂದಿದೆ. ಬೈಗುಳ ಮತ್ತು ಬೇಡಿಕೆ ಎರಡನ್ನೂ ಒಂದೇ ಹಾಳೆಯಲ್ಲಿ ಇಷ್ಟು ಅಚ್ಚುಕಟ್ಟಾಗಿ ಕೂಡಿಸಲು ನಿನ್ನಿಂದ ಮಾತ್ರ ಸಾಧ್ಯ.

ಆ ಮೊದಲ ಜಗ್ಗು ನಿನಗೆ ನೆನಪಿದೆಯೋ ಇಲ್ಲವೋ. ಇಪ್ಪತ್ತೇಳು ವರ್ಷವಾಯಿತು. ನೀನು ಇಲ್ಲೇ ಬಂದು ಹದಿನೈದು ದಿನ ಇದ್ದೆ, ಕಿಟಕಿಯ ಹತ್ತಿರ ಮೂರು ಕಾಲಿನ ಸ್ಟೂಲಿನ ಮೇಲೆ ಕೂತು ಪ್ರತಿ ಸಲ ಭಟ್ಟಿಯ ಬಾಗಿಲು ತೆಗೆದಾಗಲೂ ಹಲ್ಲು ಕಚ್ಚುತ್ತಿದ್ದೆ. ಹತ್ತೊಂಬತ್ತು ಜಗ್ಗುಗಳು ಹೊಟ್ಟೆ ಹಸಿದವರ ಕೆನ್ನೆಯ ಹಾಗೆ ಗುಳಿಬಿದ್ದು ಹೊರಬಂದವು. ‘ಮಣ್ಣಿಗೂ ಶಿಸ್ತಿಲ್ಲ, ನಿನ್ನ ಕೈಗೂ ಶಿಸ್ತಿಲ್ಲ ಕಣೇ ಸೊಟ್ಟಿ’ ಎಂದೆ. ಚಿಕ್ಕಂದಿನಲ್ಲಿ ಅಪ್ಪನ ಸ್ಕೇಲು ಯಾವಾಗಲೂ ನಿನ್ನ ಕೈಯಲ್ಲೇ ಇರುತ್ತಿತ್ತು. ನನ್ನ ಪುಸ್ತಕದಲ್ಲಿ ಅಕ್ಷರಗಳು ಗೆರೆ ಬಿಟ್ಟು ಇಳಿದಿದ್ದನ್ನು ನೋಡಿ ಆ ಹೆಸರಿಟ್ಟವನೂ ನೀನೇ. ಪಿಂಗಾಣಿ ಮಣ್ಣು ಬೆಂಕಿಯಲ್ಲಿ ಒಂದು ಹಂತಕ್ಕೆ ಬಂದಾಗ ಬೆಣ್ಣೆಯಂತೆ ಮೆತ್ತಗಾಗುತ್ತದೆ, ಆಗ ಚಪ್ಪಟೆ ಗೋಡೆ ನಿಲ್ಲಲಾರದೆ ಒಳಗೆ ವಾಲುತ್ತದೆ ಎಂದು ನನಗೆ ಹೊಳೆದದ್ದು ಹತ್ತೊಂಬತ್ತನೆಯದನ್ನೂ ಒಡೆದುಹಾಕಿದ ಮೇಲೆ. ಬಿಸ್ಕತ್ತು ಡಬ್ಬಿಯ ತಗಡು ಕತ್ತರಿಸಿ ಒಂದಿಷ್ಟೇ ಒಳಬಾಗಿದ ಅಂಚು ಮಾಡಿಕೊಂಡೆ. ಅಚ್ಚಿಗೆ ಬೇಕಾದ ಮಾದರಿಯನ್ನು ಆ ಅಂಚಿನಿಂದ ಹೆರೆದು, ಗೋಡೆಗೆ ಅಕ್ಕಿಕಾಳಿನಷ್ಟು ಹೊಟ್ಟೆ ಕೊಟ್ಟೆ. ಇಪ್ಪತ್ತನೆಯದು ನಿನ್ನ ಸ್ಕೇಲಿಗಿಂತ ನೇರವಾಗಿ ಬಂತು. ನೀನು ಅದನ್ನು ಕೂಸಿನ ಹಾಗೆ ಎತ್ತಿಕೊಂಡು ಕೋಣೆಯೆಲ್ಲ ಸುತ್ತಿದೆ. ‘ನೋಡಿದ್ಯಾ, ನಕ್ಷೆ ಸರಿಯಾಗಿ ಓದಿದ್ರೆ ಮಣ್ಣು ಹೇಳಿದ್ ಹಾಗೆ ಕೇಳತ್ತೆ’ ಎಂದೆ. ಸಂತೋಷದಲ್ಲಿ ನಾನು ಪೆದ್ದಿಯ ಹಾಗೆ ನಿಜ ಹೇಳಿಬಿಟ್ಟೆ. ನಿನ್ನ ಮುಖ ಸಣ್ಣಗಾಯಿತು. ಊಟಕ್ಕೂ ನಿಲ್ಲದೆ ಹೋದವನು ನಾಲ್ಕು ತಿಂಗಳು ಕಾಗದ ಬರೆಯಲಿಲ್ಲ.

ಆಮೇಲೆ ಬಂದ ನಕ್ಷೆಯ ಮೂಲೆಯಲ್ಲಿ ನೀನು ಕೆಂಪು ಶಾಯಿಯಲ್ಲಿ ‘ಇದ್ದದ್ದು ಇದ್ದ ಹಾಗೆ’ ಎಂದು ಬರೆದಿದ್ದೆ. ನಾನು ಮತ್ತೆ ತಗಡು ಕತ್ತರಿಸಿದೆ, ಮತ್ತೆ ಹೊಟ್ಟೆ ಕೊಟ್ಟೆ, ಪಾತ್ರೆಯ ಜೊತೆಗೆ ‘ಇದ್ದದ್ದು ಇದ್ದ ಹಾಗೇ ಮಾಡಿದ್ದೇನೆ’ ಎಂದು ಚೀಟಿ ಇಟ್ಟೆ. ಅಲ್ಲಿಂದ ಬಾಯಿಗೆ ಬೀಗ. ಆರು ಮೂಲೆಯ ಬಟ್ಟಲು, ತ್ರಿಕೋನದ ತಟ್ಟೆ, ಒಂದರೊಳಗೊಂದು ಕೂರುವ ಏಳು ಡಬ್ಬಿ, ಒಂದೊಂದಕ್ಕೂ ಒಂದೊಂದು ಸುಳ್ಳು. ಗೋಡೆಯ ಮೊಳೆಗಳ ಮೇಲೆ ನೂರ ಹನ್ನೆರಡು ತಗಡುಗಳಾಗಿದ್ದವು. ಒಮ್ಮೆ ನೀನು ಅವನ್ನು ನೋಡಿ ‘ಇದೇನೇ, ಗುಜರಿ ಅಂಗಡಿ ಇಟ್ಟಿದ್ದೀಯಾ’ ಎಂದು ನಕ್ಕಿದ್ದೆ. ಒಂದನ್ನಾದರೂ ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದಿದ್ದರೆ ಅವತ್ತೇ ಎಲ್ಲ ಮುಗಿದುಹೋಗುತ್ತಿತ್ತು. ನಿನಗೆ ನೋವಾಗದಿರಲಿ ಎಂದು ಮುಚ್ಚಿಟ್ಟೆ ಎಂದರೆ ಅದು ಅರ್ಧ ಮಾತ್ರ ನಿಜ. ನೀನು ನೇರ ಎಂದು ಮೆರೆಯುವುದೆಲ್ಲ ನನ್ನ ಕೈಯ ಸೊಟ್ಟದಿಂದ ನಿಂತಿದೆ ಎಂಬ ಖುಷಿಯೂ ಒಳಗೊಳಗೇ ಇತ್ತು. ತಪ್ಪು ನನ್ನದೂ ಇದೆ, ಇಲ್ಲವೆನ್ನುವುದಿಲ್ಲ.

ಆದರೆ ಆ ಖುಷಿಯನ್ನೂ ನೀನು ನಿನ್ನ ಪ್ರದರ್ಶನದಲ್ಲಿ ಕಿತ್ತುಕೊಂಡೆ. ಎರಡು ರೈಲು ಬದಲಿಸಿ ಬಂದಿದ್ದೆ, ಇದ್ದುದರಲ್ಲಿ ಒಳ್ಳೆಯ ಬಟ್ಟೆ ಉಟ್ಟುಕೊಂಡು. ಬಿಳೀ ಗೋಡೆಯ ಉದ್ದನೆಯ ಕೋಣೆ, ಗಾಜಿನ ಪೆಟ್ಟಿಗೆಗಳೊಳಗೆ ನಾನು ತೊಳೆದು ಒರೆಸಿ ಹುಲ್ಲಿನಲ್ಲಿ ಸುತ್ತಿ ಕಳಿಸಿದ ಪಾತ್ರೆಗಳು. ಪ್ರತಿಯೊಂದರ ಕೆಳಗೂ ಕಾರ್ಡು, ಅದರಲ್ಲಿ ನಿನ್ನ ಹೆಸರು, ವರ್ಷ, ‘ಪಿಂಗಾಣಿ’. ಯಾರು ಮಾಡಿದ್ದು ಎಂದು ಕಾರ್ಡಿನ ಹಿಂದೆಯಾದರೂ ಇರಬಹುದೇನೋ ಎಂದು ಬಗ್ಗಿ ನೋಡಿದೆ, ಕಾವಲಿನವನು ದೂರ ನಿಲ್ಲಿ ಎಂದ. ಗೋಡೆಯ ಮೇಲಿನ ಸಿನಿಮಾದಲ್ಲಿ ನೀನು ‘ಮಣ್ಣು ನನ್ನ ಗೆರೆಗೆ ತಲೆಬಾಗಲು ಕಲಿತಿದೆ’ ಎಂದು ಹೇಳುತ್ತಿದ್ದೆ. ಆಗಲೇ ನನಗೆ ಕೆಮ್ಮು ಒತ್ತರಿಸಿ ಬಂತು. ಅಲ್ಲೇ ಮುಂದೆ ನಿಂತಿದ್ದ ನೀನು ತಿರುಗಿ ನೋಡಿದೆ, ಯಾಕೆಂದರೆ ಸಿನಿಮಾದ ನಿನ್ನ ಮಾತು ಜನಕ್ಕೆ ಕೇಳಿಸುತ್ತಿರಲಿಲ್ಲ. ನೀರು ತಂದುಕೊಟ್ಟವನು ಅದೇ ಕಾವಲಿನವನು. ಆಮೇಲೆ ಯಾರೋ ದೊಡ್ಡ ಮನುಷ್ಯರು ನಾನು ಯಾರೆಂದು ಕೇಳಿದ್ದಕ್ಕೆ ನೀನು, ‘ನನ್ ತಂಗಿ, ಭಟ್ಟಿ ಗಿಟ್ಟಿ ಎಲ್ಲ ಅವಳೇ ನೋಡ್ಕೋತಾಳೆ’ ಎಂದೆ. ಆ ಗಿಟ್ಟಿಯಲ್ಲಿ ನನ್ನ ಇಪ್ಪತ್ತೇಳು ವರ್ಷ ಹೋಯಿತಲ್ಲ ಅಣ್ಣಾ. ವಾಪಸು ಬರುವಾಗ ರೈಲಿನಲ್ಲಿ ಅತ್ತೆ. ಎದುರಿಗೆ ಕೂತಿದ್ದ ಹೆಂಗಸು ಮನೆಯಲ್ಲಿ ಯಾರಾದರೂ ಹೋದರಾ ಎಂದು ಕೇಳಿದಳು. ಹೂಂ ಎಂದೆ.

ತಿದ್ದುವ ಅಧಿಕಾರ ಯಾರು ಕೊಟ್ಟರೆಂದು ಕೇಳಿದ್ದೀಯ. ಆ ಹತ್ತೊಂಬತ್ತು ಜಗ್ಗುಗಳು ಕೊಟ್ಟವು. ಅವುಗಳ ಚೂರುಗಳನ್ನು ಈ ಕೈಯಿಂದಲೇ ಗುಡಿಸಿ ಹಿತ್ತಿಲಲ್ಲಿ ಹೂತಿದ್ದೇನೆ, ನೀನು ಆಗ ಸ್ಟೂಲಿನ ಮೇಲೆ ಬೆನ್ನು ಮಾಡಿ ಕೂತಿದ್ದೆ. ನಿನಗೆ ನಾನು ಕೆಟ್ಟದ್ದು ಬಯಸಿದವಳಲ್ಲ. ನಿನ್ನ ಗೆರೆ ನಿಜವಾಗಿ ಚೆಂದ, ಅಷ್ಟು ಚೆಂದದ ಗೆರೆಯನ್ನು ನಾನು ಬೇರೆಲ್ಲೂ ನೋಡಿಲ್ಲ. ಇಲ್ಲದಿದ್ದರೆ ಇಷ್ಟು ವರ್ಷ ಯಾಕೆ ಮಾಡುತ್ತಿದ್ದೆ ಹೇಳು. ಅದನ್ನು ನೇರ ನಿಲ್ಲಿಸುವುದಕ್ಕೆ ಇನ್ನೊಬ್ಬರು ಬೇಕಾಯಿತು ಎಂದು ಒಂದೇ ಒಂದು ಸಲ ಬಾಯಿಬಿಟ್ಟು ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು?

ತಗಡುಗಳನ್ನು ಕಳಿಸುತ್ತಿದ್ದೇನೆ. ನೂರ ಹನ್ನೆರಡೂ ಇವೆ, ಒಂದೂ ಉಳಿಸಿಕೊಂಡಿಲ್ಲ. ನಿಧಿ ಕಾಯುವ ಹಾವಿನ ಹಾಗೆ ಇವುಗಳ ಮೇಲೆ ಕೂತು ನಾನೇನು ಮಾಡಲಿ. ಮನೆಯವರಿಗೆ ಸಿಟ್ಟು, ‘ಕೊಡಬೇಡ, ಬಂದು ಕೇಳ್ಲಿ’ ಎಂದು ಹೇಳುತ್ತಲೇ ಪೆಟ್ಟಿಗೆಗೆ ಮೊಳೆ ಹೊಡೆದವರೂ ಅವರೇ. ಅಂಚುಗಳು ಚೂಪಾಗಿವೆ, ಬಿಚ್ಚುವಾಗ ಕೈ ಜೋಪಾನ. ಇನ್ನು ಮುಂದೆ ನನಗೆ ನಕ್ಷೆ ಕಳಿಸಬೇಡ.

ಅತ್ತಿಗೆಗೆ ನನ್ನ ನೆನಪು ಹೇಳು, ಅವರಾದರೂ ಫೋನು ಮಾಡುತ್ತಾರೆ. ನೀನು ದೊಡ್ಡವನು, ನಾನು ಹರಸುವ ಹಾಗಿಲ್ಲ. ಕಾಲು ನೋವು ಕಡಿಮೆಯಾಗಲಿ, ಕಣ್ಣು ಚೆನ್ನಾಗಿರಲಿ ಎಂದಷ್ಟೇ ಕೇಳಿಕೊಳ್ಳುತ್ತೇನೆ.

ನಿನ್ನ ತಂಗಿ,
ಸೊಟ್ಟಿ

ತಾ.ಕ.: ಗಾಡಿಯವನು ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದಾನೆ, ಮುಖ್ಯವಾದದ್ದೇ ಬಿಟ್ಟುಹೋಗಿತ್ತು. ಕೆಲವು ತಗಡುಗಳಲ್ಲಿ ನೇತುಹಾಕುವ ತೂತಿನ ಜೊತೆಗೆ ಇನ್ನೊಂದು ತೂತಿದೆ. ಅವು ಬೆಂಕಿಗೆ ಎದುರಾಗುವ ಗೋಡೆಯವು. ಆ ಗೋಡೆ ಹೆಚ್ಚು ಕುಸಿಯುತ್ತದೆ, ಅದಕ್ಕೆ ಹೊಟ್ಟೆಯೂ ಹೆಚ್ಚು. ಎಲ್ಲ ಅಳತೆಯೂ ನನ್ನ ಭಟ್ಟಿಯದು, ಎಡಗಡೆಯಿಂದ ಉರಿ ಬರುವ ಆ ಒಂದು ಭಟ್ಟಿಯದು. ಬೇರೆ ಭಟ್ಟಿಗೆ ಇವು ಬರೀ ಬಿಸ್ಕತ್ತು ಡಬ್ಬಿ. ಎಂಜಿನಿಯರುಗಳನ್ನು ಇಲ್ಲಿಗೆ ಕಳಿಸಿ ಅಳೆಸೋಣ ಎಂದುಕೊಳ್ಳಬೇಡ. ಮೇಲೆ ಭಟ್ಟಿ ಮನೆ ಎಂದು ಅಭ್ಯಾಸಬಲದಿಂದ ಬರೆದುಬಿಟ್ಟೆ, ಭಟ್ಟಿ ಈಗಿಲ್ಲ. ಈ ಧೂಳಿನಲ್ಲಿ ಇನ್ನೊಂದು ವರ್ಷವೂ ಕೂರಬಾರದು ಎಂದು ಎದೆಯ ಡಾಕ್ಟರು ಹೇಳಿದ್ದರು. ನಿನ್ನ ಕಾಗದ ಬರುವುದಕ್ಕೆ ಐದು ದಿನ ಮೊದಲೇ ಮನೆಯವರು ತಾವೇ ಕಟ್ಟಿದ್ದನ್ನು ತಾವೇ ಇಟ್ಟಿಗೆ ಇಟ್ಟಿಗೆಯಾಗಿ ಬಿಚ್ಚಿದರು, ಪಕ್ಕದ ಬೇಕರಿಯವನು ಇಟ್ಟಿಗೆ ಒಯ್ದ. ಭಟ್ಟಿ ಬಿಚ್ಚಬೇಕಾಗುತ್ತದೆ ಎಂದು ನಿನಗೆ ಮೊದಲೇ ಎರಡು ಸಲ ಬರೆದಿದ್ದೆ. ಎರಡು ಸಲವೂ ನೀನು ಹಿಡಿಕೆಯ ಕೋನದ ಬಗ್ಗೆ ಉತ್ತರ ಬರೆದೆ.