ನನ್ನದನ್ನೆಲ್ಲ ಕಳಿಸಿಕೊಡು

ಭಾನುವಾರ, ಹದಿನಾಲ್ಕನೇ ತಾರೀಖು
ಮಧ್ಯಾಹ್ನ

ರೀ,

ಎರಡು ವರ್ಷದಿಂದ ಈ ಒಂದಕ್ಷರ ನನ್ನ ಬಾಯಿಗೆ ಬಂದಿಲ್ಲ. ಬೇರೇನೆಂದು ಶುರು ಮಾಡಬೇಕೋ ತೋಚದೆ ಅದನ್ನೇ ಬರೆದಿದ್ದೇನೆ. ತಪ್ಪೆನಿಸಿದರೆ ಹೊಡೆದುಹಾಕಿ ಮುಂದೆ ಓದಿ.

ನಿಮ್ಮ ಕಾರ್ಡು ಬಂತು. "ಆಂಪ್ಲಿಫೈಯರ್ ಬೇಕಾಗಿದೆ, ನನ್ನದನ್ನೆಲ್ಲ ಕಳಿಸಿಕೊಡು, ಇಪ್ಪತ್ತಕ್ಕೆ ವ್ಯಾನಿನವನು ಬರುತ್ತಾನೆ." ಅಷ್ಟೇ. ಅತ್ತೆಗೆ ಓದಿ ಹೇಳಿದೆ. ಅವರು ಹೊಲಿಗೆ ಮೆಷಿನ್ ತುಳಿಯುವುದನ್ನು ನಿಲ್ಲಿಸಿ, "ನನ್ನದೆಲ್ಲ ಅಂದ್ರೆ ಅದ್ರಲ್ಲಿ ನಾನೂ ಸೇರಿದೀನೇನೇ?" ಅಂದರು. ತಮಾಷೆ ಮಾಡಿದರೋ, ನಿಜವಾಗಿ ಕೇಳಿದರೋ ಗೊತ್ತಾಗಲಿಲ್ಲ. ನಿಮ್ಮ ತಾಯಿ ನಿಮ್ಮವರೇ ಅಲ್ಲವೇ? ಆದರೆ ನೀವು ಮನೆ ಬಿಟ್ಟು ಹೊರಟ ದಿನ ಅವರು ಮೆಷಿನ್ನಿನ ಮುಂದಿನಿಂದ ಏಳಲೇ ಇಲ್ಲ. ಯಾಕೆಂದು ಆಮೇಲೆ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಒಂದು ಮಾತು ಒಪ್ಪಿಕೊಳ್ಳಬೇಕು. ಕಾರ್ಡು ಬರುವ ಹೊತ್ತಿಗೆ ಆಂಪ್ಲಿಫೈಯರ್ ಸತ್ತು ನಾಲ್ಕು ತಿಂಗಳಾಗಿತ್ತು. ಮುಟ್ಟಬೇಡ ಎಂದು ಎಷ್ಟು ಸಲ ಹೇಳಿದ್ದಿರಿ. ನೀವು ಮನೆ ಬಿಟ್ಟ ವಾರದಿಂದಲೇ ದಿನಾ ಸಂಜೆ ಮುಟ್ಟಿದೆ. ನಾನೂ ಅತ್ತೆಯೂ ಹಾಡು ಕೇಳುತ್ತಿದ್ದೆವು, ಸ್ವಲ್ಪ ಜೋರಾಗಿಯೇ. ಒಂದು ದಿನ ಸುಟ್ಟ ವಾಸನೆ ಬಂತು, ಮುಗಿಯಿತು. ಸತ್ತದ್ದನ್ನು ಕಳಿಸಿದರೆ ನನ್ನ ಕೈ ತಾಗಿಯೇ ಕೆಟ್ಟಿತು ಎನ್ನುತ್ತೀರಿ. ಹಾಗೆನ್ನಿಸಿಕೊಳ್ಳಲು ನನಗಿಷ್ಟವಿಲ್ಲ. ಅದು ನಿಜವೇ ಆಗಿದ್ದರೂ ಇಷ್ಟವಿಲ್ಲ.

ಬಿಚ್ಚಿ ನೋಡಿದೆ. ಹಾಡುವ ಭಾಗ ಚೆನ್ನಾಗಿಯೇ ಇತ್ತು. ಅದಕ್ಕೆ ಕರೆಂಟು ಉಣಿಸುವ ಪವರ್ ಸಪ್ಲೈ ಕರಕಲಾಗಿತ್ತು. ಕಾಲೇಜಿನ ಫಿಸಿಕ್ಸ್ ಲ್ಯಾಬಿನಲ್ಲಿ ಹನ್ನೊಂದು ವರ್ಷದಿಂದ ವಿದ್ಯಾರ್ಥಿಗಳಿಗೆ ವೈರು ಜೋಡಿಸಿಕೊಡುವವಳು, ಇಷ್ಟು ಮಾಡಲಾರೆನೇ ಎಂದುಕೊಂಡೆ. ಹೊಸ ಟ್ರಾನ್ಸ್‌ಫಾರ್ಮರ್, ಡಯೋಡು, ಹೆಬ್ಬೆರಳಿಗಿಂತ ದಪ್ಪದ ಎರಡು ಕೆಪಾಸಿಟರ್ ತಂದು ಹಲಗೆಯ ಮೇಲೆ ಕೂರಿಸಿದೆ.

ಗೊಂದಲ ಶುರುವಾದದ್ದು ಅಲ್ಲಿಂದ. ಟ್ರಾನ್ಸ್‌ಫಾರ್ಮರಿನಿಂದ ಎರಡು ಜೋಡಿ ವೈರು ಹೊರಬರುತ್ತವೆ. ಒಂದಕ್ಕೆ ಮೀಟರ್ ಹಿಡಿದರೆ ಹದಿನೆಂಟು ವೋಲ್ಟು, ಇನ್ನೊಂದಕ್ಕೂ ಹದಿನೆಂಟು. ಸೇರಿಸಿದರೆ ಮೂವತ್ತಾರು ಬರಬೇಕು ತಾನೇ? ಸೊನ್ನೆ. ಬಿಡಿಸಿದೆ: ಹದಿನೆಂಟು, ಹದಿನೆಂಟು. ಸೇರಿಸಿದೆ: ಸೊನ್ನೆ. ಮೀಟರಿನ ಸೆಲ್ ಬದಲಾಯಿಸಿದೆ. ಆಗಲೂ ಸೊನ್ನೆ. ತಲೆಬುಡ ತಿಳಿಯಲಿಲ್ಲ. ಬೇರೆ ಬೇರೆಯಾಗಿ ಇಬ್ಬರೂ ಗಟ್ಟಿಯಾಗಿದ್ದು, ಕೂಡಿದರೆ ಏನೂ ಇಲ್ಲವೆಂದರೆ... ಇರಲಿ, ನಾನು ಹೇಳುತ್ತಿರುವುದು ವೈರಿನ ವಿಷಯ.

ಅತ್ತೆ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರು. "ಎರಡು ತೋಳೂ ಸರಿಯಾಗೇ ಕತ್ತರಿಸಿದೀಯ. ಒಂದನ್ನ ಒಳಮೈ ಹೊರಗೆ ಮಾಡಿ ಹೊಲಿದುಬಿಟ್ಟಿದೀಯ. ಬಿಚ್ಚಿ ತಿರುಗಿಸಿ ಹಾಕು," ಅಂದರು. ಒಂದು ಜೋಡಿಯ ತುದಿಗಳನ್ನು ಅದಲುಬದಲು ಮಾಡಿದೆ. ಮೂವತ್ತಾರು! "ಇಷ್ಟಕ್ಕೆ ನಿಂಗೆ ಲ್ಯಾಬ್ ಬೇರೆ ಕೇಡು," ಎಂದು ಮತ್ತೆ ಮೆಷಿನ್ ತುಳಿಯತೊಡಗಿದರು.

ಮೊದಲ ಸಲ ಕರೆಂಟು ಕೊಡುವಾಗ ನೀವು ಮಾಡುತ್ತಿದ್ದಂತೆಯೇ ಮಧ್ಯೆ ಒಂದು ಬಲ್ಬು ಕಟ್ಟಿದೆ. ಎಲ್ಲಾದರೂ ತಪ್ಪಿದ್ದರೆ ಬಲ್ಬು ಉರಿಯುತ್ತಲೇ ಇರುತ್ತದೆ, ಸರಿಯಿದ್ದರೆ ಒಮ್ಮೆ ಮಿಂಚಿ ನಂದುತ್ತದೆ. ಸ್ವಿಚ್ಚಿನ ಮೇಲೆ ಬೆರಳಿಟ್ಟು ನಿಂತಾಗ ಉರಿಯಲಿ ಎಂದು ಬೇಡಿಕೊಂಡೆನೋ ನಂದಲಿ ಎಂದೋ, ಈಗಲೂ ತಿಳಿಯದು. ಮಿಂಚಿತು, ನಂದಿತು. ಡಯೋಡು ದಾಟಿದ ಹದಿನೆಂಟು ಇಪ್ಪತ್ತೈದರಷ್ಟಾಗಬೇಕು; ಎರಡೂ ಕೆಪಾಸಿಟರಿನ ಮೇಲೆ ಇಪ್ಪತ್ತೈದು ವೋಲ್ಟು ಅಲುಗದೆ ನಿಂತಿತು. ಭಾರ ಹೊರಿಸಲು ದೊಡ್ಡ ರೆಸಿಸ್ಟರ್ ಕಟ್ಟಿ ಒಂದು ಗಂಟೆ ದುಡಿಸಿದೆ. ಟ್ರಾನ್ಸ್‌ಫಾರ್ಮರ್ ಬಿಸಿನೀರಿನ ಲೋಟದಷ್ಟು ಬೆಚ್ಚಗಾಯಿತು, ಹೊಗೆ ಬರಲಿಲ್ಲ. ಆಮೇಲೆ ಆಂಪ್ಲಿಫೈಯರಿಗೆ ಜೋಡಿಸಿ ಹಾಡು ಹಾಕಿದೆ. ಹಾಡಿನ ಹಿಂದೆ ಗುಂಯ್ ಎನ್ನುವ ಸದ್ದೇ ಇಲ್ಲ. ನೀವಿದ್ದಾಗ ಯಾವಾಗಲೂ ಇರುತ್ತಿತ್ತು, ನೆನಪಿದೆಯೇ?

"ಕಳಿಸ್ತೀಯಾ?" ಎಂದು ಅತ್ತೆ ಕೇಳಿದರು. ಕಳಿಸುವುದಕ್ಕೇ ಅಲ್ಲವೇ ಮಾಡಿದ್ದು ಎಂದೆ. "ಹಾಗಾದ್ರೆ ಮುಖ ಯಾಕೆ ಹಾಗಿದೆ?" ಎಂದರು. ಹೋಗಿ ಕನ್ನಡಿ ನೋಡಿಕೊಂಡೆ. ನನಗೆ ಮಾಮೂಲಿನಂತೆಯೇ ಕಂಡಿತು.

ಈಗ ನೀವೇ ಹೇಳಿ, ನಿಮ್ಮದೆಲ್ಲ ಅಂದರೆ ಯಾವುದು? ಹೊರಗಿನ ಡಬ್ಬ ನಿಮ್ಮದು, ಒಳಗಿನ ಸಪ್ಲೈ ನನ್ನದು. ತಾಯಿ ನಿಮ್ಮವರು, ಅತ್ತೆ ನನ್ನವರು. ಎಲ್ಲಿ ಕತ್ತರಿಯಾಡಿಸಲಿ? ನಿಮಗೆ ನನ್ನ ಮೇಲೆ ಇನ್ನೂ ಸಿಟ್ಟಿದೆಯೋ, ನನಗೆ ನಿಮ್ಮ ಮೇಲೆ ಇದೆಯೋ, ಅದೂ ಸ್ಪಷ್ಟವಿಲ್ಲ. ಜಗಳ ಯಾತಕ್ಕೆ ಶುರುವಾಯಿತೆಂದು ನೆನೆಸಿಕೊಂಡರೆ ಬಾಗಿಲು ಹಾಕಿದ ಸದ್ದು ಮಾತ್ರ ನೆನಪಾಗುತ್ತದೆ.

ಇಪ್ಪತ್ತಕ್ಕೆ ಮುಂಚೆ ಬರೆಯಿರಿ. ವ್ಯಾನಿನವನಿಗೆ ಏನಾದರೂ ಹೇಳಬೇಕಲ್ಲ.

ಇಂತಿ,
ಏನೆಂದು ಸಹಿ ಹಾಕಬೇಕೋ ತಿಳಿಯದ
ನಾನು

ತಾ.ಕ.: ಕಾಗದ ಮಡಿಸುವ ಮೊದಲು ಇನ್ನೊಂದು ಹಾಡು ಹಾಕಹೋದೆ. ಆಂಪ್ಲಿಫೈಯರ್ ಉಸಿರೆತ್ತಲಿಲ್ಲ. ನೋಡಿದರೆ ಪುಟ್ಟ ಗಾಜಿನ ಫ್ಯೂಸ್ ಇದ್ದ ಜಾಗ ಖಾಲಿ. ಅತ್ತೆಯನ್ನು ಕೇಳಿದರೆ, "ನಂಗೇನು ಗೊತ್ತು? ಅವನೇ ಬಂದು ನೋಡ್ಲಿ," ಎಂದರು. ಅವರು ಗುಂಡಿ ಹಾಕಿಡುವ ಡಬ್ಬಿಯಲ್ಲಿ, ಬಿಳಿ ಗುಂಡಿಗಳ ನಡುವೆ ಅದು ಹೊಳೆಯುತ್ತಿತ್ತು. ನೋಡಿದೆ. ಮುಚ್ಚಳ ಮುಚ್ಚಿ ಇದ್ದಲ್ಲೇ ಇಟ್ಟೆ.